ಹಾಡಿದವರ ಹೆಸರು, ನುಡಿಸಿದವರ ಹೆಸರು

ಅಮೆರಿಕದ ಗಾಯಕ ಮಾರ್ವಿನ್ ಗೇ ಅವರು 1971ರ ಮೇ ತಿಂಗಳಿನಲ್ಲಿ ಹೊರತಂದ ‘ವಾಟ್ಸ್ ಗೋಯಿಂಗ್ ಆನ್’ ಎಂಬ ಧ್ವನಿಮುದ್ರಿಕೆಯನ್ನು ನಾವು ಈಚೆಗೆ ಮೊದಲ ಬಾರಿಗೆ ಆದ್ಯಂತವಾಗಿ ಆಲಿಸಿದೆವು. ಅಲ್ಲಿನವರು ಸೋಲ್ ಎಂದು ಕರೆಯುವ ಈ ಸಂಗೀತವು ನಮ್ಮ ವಾಚಕರಲ್ಲಿ ಅನೇಕರಿಗೆ ಅಪರಿಚಿತ. ಪಾಶ್ಚಾತ್ಯ ಸಂಗೀತವೆಂದರೆ ಬರಿಯ ಗದ್ದಲವೆಂದು ಮೂಗು ಮುರಿಯುವವರೂ ನಮ್ಮಲ್ಲಿ ಉಂಟು. ಅಂಥವರು ಸುಮಾರು 35 ನಿಮಿಷ ಬಿಡುವು ಮಾಡಿಕೊಂಡು ಇದನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಇದರಲ್ಲಿರುವ ಹಾಡುಗಳು 9. ಒಂದು ಮುಗಿಯುವಷ್ಟರಲ್ಲಿ ಅದರ ಮಡಿಲಿನಿಂದಲೇ ಇನ್ನೊಂದು ಹುಟ್ಟುತ್ತದೆ. ದನಿ ಮೃದು, ವಿಷಯ ಮಾತ್ರ ಕಠೋರ. ವಿಯಟ್ನಾಮ್ ಯುದ್ಧದಿಂದ ಮರಳಿದ ತಮ್ಮನು ಹೇಳಿದ ಸಂಗತಿಗಳು, ಮಾದಕ ವಸ್ತುಗಳಿಗೆ ಬಲಿಯಾದ ಯುವಕರು, ಕೆಟ್ಟುಹೋದ ಗಾಳಿ ನೀರು, ನಗರದ ಬಡವರ ಬವಣೆ — ಇವೇ ಇದರ ವಸ್ತು. ಮೋಟೌನ್ ಕಂಪೆನಿಯ ಸ್ಥಾಪಕ ಬೆರ್ರಿ ಗಾರ್ಡಿ ಅವರಿಗೆ ಇದರ ಮೊದಲ ಹಾಡು ಮಾರಾಟವಾದೀತೆಂಬ ನಂಬಿಕೆಯೇ ಇರಲಿಲ್ಲ. 1971ರ ಜನವರಿಯಲ್ಲಿ ಅದು ಹೊರಬಂದಾಗ ಜನರು ಮುಗಿಬಿದ್ದು ಕೊಂಡರು. ಜನರ ರುಚಿಯನ್ನು ವ್ಯಾಪಾರಿಗಳು ಕೀಳಾಗಿ ಎಣಿಸುವುದು ಎಲ್ಲ ದೇಶಗಳಲ್ಲಿಯೂ ಉಂಟೆಂದು ತೋರುತ್ತದೆ.

ಈ ಸಂಗೀತ ಬೆಳೆದ ಡೆಟ್ರಾಯಿಟ್ ನಗರವು ವಲಸಿಗರದು. ಅಮೆರಿಕದ ದಕ್ಷಿಣದ ಹತ್ತಿಯ ಹೊಲಗಳನ್ನೂ ಅಲ್ಲಿನ ವರ್ಣಭೇದವನ್ನೂ ತೊರೆದು, ಮೋಟಾರು ಕಾರ್ಖಾನೆಗಳ ಕೂಲಿಯನ್ನು ನೆಚ್ಚಿ ಬಂದ ಕಪ್ಪುಜನರ ನಗರ. ಗಾರ್ಡಿ ಅವರೂ ಕಾರ್ಖಾನೆಯಲ್ಲಿ ದುಡಿದವರೇ. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಂಪೆನಿ ಕಟ್ಟಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಿವಿಯನ್ನು ಹೆಚ್ಚಾಗಿ ಸೆಳೆದುದು ಬೇಸ್ ಗಿಟಾರಿನ ನಾದ. ಅದನ್ನು ನುಡಿಸಿದ ಜೇಮ್ಸ್ ಜೇಮರ್ಸನ್ ಅವರು ದಕ್ಷಿಣ ಕೆರೊಲಿನಾದಿಂದ ಹದಿಹರೆಯದಲ್ಲಿ ಡೆಟ್ರಾಯಿಟಿಗೆ ಬಂದವರು. 1960ರ ದಶಕದುದ್ದಕ್ಕೂ ಮೋಟೌನಿನ ಜನಪ್ರಿಯ ಹಾಡುಗಳಿಗೆ ಅವರೂ ಅವರ ಸಂಗಡಿಗರೂ ಅಡಿಪಾಯ ಹಾಕಿದರು; ಆದರೆ ಮುದ್ರಿಕೆಗಳ ಹೊದಿಕೆಯ ಮೇಲೆ ಅವರ ಹೆಸರು ಅಚ್ಚಾಗಲಿಲ್ಲ. ಈ ಧ್ವನಿಮುದ್ರಿಕೆಯ ಹೊದಿಕೆ ಆ ಲೋಪವನ್ನು ಸರಿಪಡಿಸಿತು. ಮರುವರ್ಷ, 1972ರಲ್ಲಿ, ಕಂಪೆನಿ ಲಾಸ್ ಏಂಜಲೀಸಿಗೆ ಸ್ಥಳಾಂತರಗೊಂಡಿತು. ವಾದ್ಯಗಾರರಲ್ಲಿ ಅನೇಕರು ಹಿಂದೆ ಉಳಿದರು. ಹೆಸರು ಮಾತ್ರ ಉಳಿಯಿತು.

ಹೊರನಾಡಿನ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿರಿ. ಅಧ್ಯಕ್ಷರು, ದಾನಿಗಳು, ಮುಖ್ಯ ಅತಿಥಿಗಳು — ಪುಟಗಟ್ಟಲೆ. ಯಕ್ಷಗಾನಕ್ಕೆ ಚೆಂಡೆ ಬಾರಿಸಿದವರು ಎಲ್ಲಿ? ನಾಟಕಕ್ಕೆ ಪರದೆ ಕಟ್ಟಿದವರು, ಸಾವಿರ ಜನರಿಗೆ ಅಡಿಗೆ ಮಾಡಿದವರು ಎಲ್ಲಿ? ಹೋಟೆಲು ನಡೆಸಿದ ನಮಗೆ ತಿಳಿದ ಮಾತೊಂದುಂಟು: ಗಿರಾಕಿ ಬರುವುದು ಬೋರ್ಡನ್ನು ನೋಡಿ, ಮರಳಿ ಬರುವುದು ಅಡಿಗೆಯವನ ಕೈಯನ್ನು ನೆನೆದು.

ಸ್ಥಳದ ಅಭಾವವೆಂಬ ಸಬೂಬು ಸಲ್ಲದು. ಜಾಹೀರಾತಿನ ಒಂದು ಪುಟದ ಕಾಲುಭಾಗ ಸಾಕು. ಈ ವರ್ಷದ ರಾಜ್ಯೋತ್ಸವದ ಸಂಚಿಕೆಗಳಲ್ಲಿಯಾದರೂ ದುಡಿದವರೆಲ್ಲರ ಹೆಸರುಗಳು ಅಚ್ಚಾಗಲಿ ಎಂದು ಸಂಘಗಳ ಕಾರ್ಯದರ್ಶಿಗಳನ್ನು ನಾವು ವಿನಂತಿಸುತ್ತೇವೆ.