ಲೆಮನ್ ಥೈಮ್ ಸತ್ತದ್ದು ಬಿಸಲಿಗಲ್ಲ

ಅಕ್ಕಾರೆ, ನಮ್ಮ ಓಣ್ಯಾಗ ಈಗ ಎಲ್ಲಾರೂ ಲೆಮನ್ ಥೈಮ್ ಹಚ್ಲಿಕತ್ಯಾರ. ಎಲಿ ತಿಕ್ಕಿದ್ರ ಲಿಂಬಿಹಣ್ಣಿನ ವಾಸನಿ, ಅದಕ್ಕ ಮನಸ್ಸು ಸೋಲ್ತದ. ಎರಡ ತಿಂಗಳಿಗಿ ಗಿಡ ಒಣಗ್ತದ, "ಕಲಬುರಗಿ ಬಿಸಲು ತಡೀಲಿಲ್ಲರೀ" ಅಂತಾರ. ಸಿಟ್ಟಾಗಬ್ಯಾಡ್ರಿ, ಅದನ್ನ ಕೊಂದದ್ದು ನಿಮ್ಮ ತಂಬಿಗಿ.

ನಾನೂ ಎರಡ ಕೊಂದೀನಿ. ಅಂಗಳದ ಕರಿಮಣ್ಣಾಗ ಹಚ್ಚಿ, ದಿನಾ ಸಂಜಿಗಿ ನೀರ ಸುರದೆ. ಎಲಿ ಬಾಡಿದಂಗೆಲ್ಲ ಇನ್ನಷ್ಟು ಸುರದೆ. ಕಿತ್ತಿ ನೋಡಿದ್ರ ಬೇರೆಲ್ಲಾ ಕೊಳತು ಕಪ್ಪಾಗಿದ್ವು. ತೊಗರಿ ಹೊಲದಾಗ ಮಳಿನೀರ ನಿಂತ್ರ ಗಿಡ ಹಸಿ ನೆಲದಾಗೇ ಒಣಗೂದಿಲ್ಲೇನು? ಅದೇ ಕಥಿ. ಥೈಮ್ ಮೂಲ ಮೆಡಿಟರೇನಿಯನ್ ಕಡಿ ಕಲ್ಲುಗುಡ್ಡದ ಜಾತಿ, ಬೇರಿಗಿ ಗಾಳಿ ಬೇಕು. ನಮ್ಮ ಕರಿಮಣ್ಣು ನೀರ ಹಿಡದ್ರ ಬಿಡೂದಿಲ್ಲ.

ಕಮಲಾಪುರದ ನಮ್ಮ ಮೌಶಿ ಕೇಳಿ ನಕ್ಕಳು. "ಅದೇನು ಕೆಂಪ ಬಾಳಿ ಏನ, ಹಂಗ ನೀರ ಕುಡಸ್ಲಿಕ್ಕ?" ಆಕಿ ಮನಿ ಹಿಂದಿಂದೇ ಒಂದ ಚೀಲ ಮುರ್ರಂ ಕಟ್ಟಿಕೊಟ್ಳು. (ಜೋಡಿಗಿ ಬಾಳಿಹಣ್ಣೂ ಕೊಟ್ಟಿದ್ಳು, ಬಸ್ನ್ಯಾಗೇ ಖಾಲಿ ಆದ್ವು.) ಅರ್ಧ ಮುರ್ರಂ, ಉಳದದ್ದು ಉಸುಕು, ಒಂದ ಹಿಡಿ ಹಳೇ ಗೊಬ್ಬರ, ತಳಕ್ಕ ತೂತಿದ್ದ ಮಣ್ಣಿನ ಕುಂಡ. ಮೂರನೇ ಗಿಡ ಬದುಕ್ಯಾದ. ಈಗ ಬೊಟ್ಟ ಇಟ್ಟು ನೋಡ್ತೀನಿ, ಒಂದ ಗೆಣ್ಣಿನ ತನಕ ಒಣಗಿದ್ರಷ್ಟೇ ನೀರ. ಮೇ ತಿಂಗಳಾಗ 42 ಡಿಗ್ರಿ ಆದಾಗ ಮಧ್ಯಾಹ್ನ ನೆರಳಿಗಿ ಸರಸ್ತೀನಿ, ಮಳಿ ಹತ್ತಿದ್ರ ಛಜ್ಜಾದ ಕೆಳಗ.

"ಈ ಇಂಗ್ಲೀಷ ಗಿಡ ನಮಗ್ಯಾಕ, ಮಜ್ಜಿಗಿ ಹುಲ್ಲು ಸಾಲ್ದೇನು?" ಅಂತ ನಮ್ಮ ನೆಗೆಣ್ಣಿ ಕೇಳ್ತಾಳ. ಬರೇ ಚಹಾಕ್ಕಂದ್ರ ಸಾಲ್ತದವ್ವಾ, ಹುಲ್ಲೇ ಹಚ್ರಿ, ರೊಕ್ಕ ಉಳೀತದ. ಆದ್ರ ಥೈಮ್ ಪರಕೀ ಏನಲ್ಲ, ಸಾದಾ ಥೈಮಿಗಿ ವಾಸನಿ ಕೊಡೂ ಥೈಮಾಲೇ ನಮ್ಮ ಅಜವಾನದಾಗೂ ಇರ್ತದ. ಆಲೂಗಡ್ಡಿ ಪಲ್ಯ ಇಳಸೂ ಮುಂದ ನಾಕ ಎಲಿ ಉದುರಿಸಿ ನೋಡ್ರಿ. ಮತ್ತ ಬ್ಯಾಸಗ್ಯಾಗ ಟ್ಯಾಂಕರ್ ದಾರಿ ಕಾಯೂ ಮನ್ಯಾಗ, ಕಡಿಮಿ ನೀರ ಕೇಳೂ ಗಿಡಕ್ಕ ಕೊಡ ಕೊಡ ಸುರಿಯೂದು ನೋಡಿದ್ರ ಹೊಟ್ಟಿ ಉರೀತದ.

ಬೀಜ ತರಬ್ಯಾಡ್ರಿ, ಲಿಂಬಿ ವಾಸನಿ ಬರ್ತದಂತ ಭರೋಸಾ ಇರೂದಿಲ್ಲ. ಥಂಡಿ ದಿನದಾಗ ಬರ್ರಿ, ಎಳೀ ಕಡ್ಡಿ ಮುರದು ಕೊಡ್ತೀನಿ. ಕುಂಡ ನೀವೇ ತರ್ರಿ, ತಳಕ್ಕ ತೂತ ಇದ್ದದ್ದು.