ಐದು ಸಾಕ್ಷಿಗಳು ಸಾಲವು

ಕಳೆದ ತಿಂಗಳು ಗುಣಾಕಾರದ ತಾಳೆ ನೋಡುವ ಕ್ರಮವನ್ನು ತಿಳಿಸಿದ್ದೆವು. ಈ ಸಲ ವಾಚಕರ ಮುಂದೆ ಒಂದೇ ಸಂಖ್ಯೆಯನ್ನಿಡುತ್ತೇವೆ: 4,29,49,67,297. ಎಂದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು.

ಇದರ ಹುಟ್ಟು ಸರಳವಾದುದು. 2ರ ವರ್ಗ 4; ಅದರ ವರ್ಗ 16; ಹೀಗೆಯೇ 256, 65,536 ಮತ್ತು 4,29,49,67,296. ಎರಡರಿಂದ ಮೊದಲ್ಗೊಂಡು ಇವುಗಳಿಗೆ ಒಂದೊಂದನ್ನು ಕೂಡಿಸಿದರೆ 3, 5, 17, 257, 65,537, ಕಡೆಗೆ ನಮ್ಮ ಸಂಖ್ಯೆ. ಮೊದಲಿನ ಐದೂ ಅವಿಭಾಜ್ಯಗಳು. ಒಂದು ಮತ್ತು ತಮ್ಮನ್ನುಳಿದು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗವು.

ಫ್ರಾನ್ಸಿನ ತುಲೂಸ್ ನಗರದ ನ್ಯಾಯಸ್ಥಾನದಲ್ಲಿ ಅಧಿಕಾರಿಯಾಗಿದ್ದ ಫರ್ಮಾ ಎಂಬ ಗಣಿತಜ್ಞನು 1640ರಲ್ಲಿ, ಈ ಸಾಲಿನವೆಲ್ಲವೂ ಅವಿಭಾಜ್ಯಗಳೇ ಎಂಬ ನಂಬಿಕೆಯನ್ನು ಪ್ರಕಟಿಸಿದನು. ಸಾಧನೆ ತನಗೆ ದೊರೆತಿಲ್ಲವೆಂದೂ ಒಪ್ಪಿದ್ದನು. ನ್ಯಾಯಶಾಸ್ತ್ರದಲ್ಲಿ ಆಪ್ತವಾಕ್ಯವೂ ಒಂದು ಪ್ರಮಾಣ. ಗಣಿತದಲ್ಲಿ ಅದಕ್ಕೆ ಆ ಅಧಿಕಾರವಿಲ್ಲ.

1729ರಲ್ಲಿ ಗೋಲ್ಡ್‌ಬಾಖನು ಪತ್ರಮುಖವಾಗಿ ಈ ಮಾತನ್ನು ಆಯ್ಲರನ ಗಮನಕ್ಕೆ ತಂದನು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆ ತರುಣನು, ನಮ್ಮ ಸಂಖ್ಯೆಯು 641ರಿಂದ ಭಾಗವಾಗುವುದೆಂದು 1732ರಲ್ಲಿ ತೋರಿಸಿದನು. ಇದಕ್ಕೆ ಅವಿಭಾಜ್ಯ ಭಾಜಕವಿದ್ದರೆ ಅದು 64ರ ಯಾವುದೋ ಮಡಿಗೆ ಒಂದನ್ನು ಕೂಡಿಸಿದುದೇ ಆಗಿರಬೇಕೆಂದು ಮುಂದೆ ಸಾಧಿಸಿದವನೂ ಆತನೇ. ಅಂಥ ಅವಿಭಾಜ್ಯಗಳು ಅನುಕ್ರಮವಾಗಿ 193, 257, 449, 577, 641. ಐದನೆಯದರಲ್ಲಿಯೇ ಫಲ!

ವಾಚಕರು ನಮ್ಮ ಮಾತನ್ನೂ ನಂಬಬೇಕಾಗಿಲ್ಲ. 67,00,417ನ್ನು 600, 40 ಮತ್ತು 1ರಿಂದ ಗುಣಿಸಿರಿ. 4,02,02,50,200, 26,80,16,680, 67,00,417. ಮೂರನ್ನೂ ಕೂಡಿಸಿದರೆ ನಮ್ಮ ಸಂಖ್ಯೆಯೇ ಬರುವುದು. ಆದುದರಿಂದ ಇದು ಬೆಸ ಸಂಖ್ಯೆ, ಸಂಯುಕ್ತ ಸಂಖ್ಯೆ, ಎರಡೇ ಅವಿಭಾಜ್ಯಗಳ ಗುಣಲಬ್ಧ. ಈ ಸಾಲಿನಲ್ಲಿ ಆರನೆಯ ಅವಿಭಾಜ್ಯವು ಇಂದಿನವರೆಗೂ ದೊರೆತಿಲ್ಲ. ದೊರೆಯಲಾರದೆಂದು ಸಾಧಿಸಿದವರೂ ಇಲ್ಲ.

ಇದನ್ನು ಬರೆಯುವಾಗ ನಮ್ಮದೇ ಒಂದು ಅಪರಾಧವು ನೆನಪಾಗುತ್ತದೆ. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗನ ಉತ್ತರವು ಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ಉತ್ತರಕ್ಕೆ ಹೊಂದಲಿಲ್ಲವೆಂದು ತಪ್ಪುಗುರುತು ಹಾಕಿದೆವು. ಎರಡು ಸಲ ಮಾಡಿ ತೋರಿಸಿದನು, ನಾವು ನೋಡಲಿಲ್ಲ. ರಾತ್ರಿ ದೀಪದ ಮುಂದೆ ಕುಳಿತು ಲೆಕ್ಕ ಮಾಡಲಾಗಿ, ತಪ್ಪು ಅಚ್ಚಿನದೆಂದು ತಿಳಿಯಿತು. ಮರುದಿನ ಅವನಿಗೆ ಹೇಳಬೇಕೆಂದು ಹೋದೆವು. ಅಷ್ಟರಲ್ಲಿ ಅವನು ತನ್ನ ಉತ್ತರವನ್ನು ಅಳಿಸಿ, ಪುಸ್ತಕದ ಉತ್ತರವನ್ನೇ ದುಂಡಗೆ ಬರೆದು ತಂದಿದ್ದನು. ನಾವು ತಪ್ಪನ್ನೊಪ್ಪಿಕೊಂಡೆವು, ನಿಜ. ಆದರೆ ಆ ಹುಡುಗನು ಆಮೇಲೆ ನಮ್ಮೊಡನೆ ವಾದಿಸಲೇ ಇಲ್ಲ.

ಮನೆಯಲ್ಲಿ ಮಕ್ಕಳು ಪುಸ್ತಕಕ್ಕೆ ಹೊಂದದ ಉತ್ತರವನ್ನು ತಂದರೆ, ತಪ್ಪೆನ್ನುವ ಮುನ್ನ ಅವರ ಪಕ್ಕದಲ್ಲಿ ಕುಳಿತು ಒಮ್ಮೆ ಲೆಕ್ಕ ಮಾಡಿ ನೋಡಿರಿ.