ಬಂದರಿನ ಬಾಗಿಲಲ್ಲಿ ಒಂದು ರಾತ್ರಿ

ಹಡಗನ್ನೇರುವವನು ಹಣವಂತನೇ ಆಗಿರಬೇಕೆಂದು ನಮ್ಮ ಬಂದರು ಪಟ್ಟಣಗಳು ತೀರ್ಮಾನಿಸಿಬಿಟ್ಟಂತಿದೆ. ಆ ತೀರ್ಮಾನ ಸುಳ್ಳೆಂದು ತೋರಿಸಲು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯೊಂದೇ ಸಾಕು. 2021ರಿಂದ ಮುಂಬಯಿಯಿಂದ ಗೋವೆಗೂ ಲಕ್ಷದ್ವೀಪಕ್ಕೂ ವಿಹಾರನೌಕೆಗಳು ಹೊರಡತೊಡಗಿದ ಮೇಲೆ ಗ್ರಂಥಪಾಲಕರು, ಬ್ಯಾಂಕಿನ ಗುಮಾಸ್ತರು, ನಿವೃತ್ತ ಹೆಡ್‌ಮಾಸ್ತರರು ವರ್ಷಗಟ್ಟಲೆ ಕೂಡಿಟ್ಟ ಹಣದಿಂದ ಟಿಕೆಟ್ಟು ಕೊಂಡು ‘ಒಮ್ಮೆಯಾದರೂ ಕಡಲ ಮೇಲೆ ಹೋಗಿಬರೋಣ’ ಎಂದು ಹೊರಡುತ್ತಿದ್ದಾರೆ. ಹಡಗಿನಲ್ಲಿ ಅವರಿಗೆ ಉಪಚಾರಕ್ಕೇನೂ ಕೊರತೆಯಿಲ್ಲ. ಆದರೆ ಹಡಗು ಹತ್ತುವ ಹಿಂದಿನ ರಾತ್ರಿ, ಇಳಿದ ದಿನದ ರಾತ್ರಿ, ಅವರು ಎಲ್ಲಿ ತಲೆಯಿಡಬೇಕು? ಈ ಒಂದೆರಡು ರಾತ್ರಿಗಳ ಪರವಾಗಿ ನಾನು ಜಗಳ ಹೂಡಲು ಬಂದಿದ್ದೇನೆ.

ಅಷ್ಟು ಸಣ್ಣ ಮಾತಿಗೆ ಜಗಳವೇ ಎಂದು ಓದುಗರು ಕೇಳಬಹುದು. ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್, ಹಿರಿಯರ ಬಾಯಲ್ಲಿ ಇನ್ನೂ ‘ವೀಟಿ’ಯಾಗಿಯೇ ಉಳಿದಿರುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸನ್ನು ಸೇರುವುದು ಮರುದಿನ ದೀಪ ಹಚ್ಚಿದ ಮೇಲೆ. ಅಷ್ಟು ಹೊತ್ತಿಗೆ ಆ ದಿನದ ಹಡಗಿನ ಮಾತೇ ಇಲ್ಲ. ತಿರುಗಿ ಬರುವಾಗ ಅದೇ ಗಾಡಿ ಮುಂಬಯಿ ಬಿಡುವುದು ಬೆಳಿಗ್ಗೆ ಎಂಟರ ಸುಮಾರಿಗೆ. ಬೆಳಿಗ್ಗೆ ಹಡಗಿನಿಂದ ಇಳಿದು, ಸಾಮಾನು ಬಿಡಿಸಿಕೊಂಡು ಹೊರಬರುವಷ್ಟರಲ್ಲಿ ಅದು ಊರು ದಾಟಿರುತ್ತದೆ. ರೈಲು ಎರಡು ಗಂಟೆ ತಡವಾದರೆ ಯಾರೂ ಅಚ್ಚರಿಪಡುವುದಿಲ್ಲ. ಹಡಗಾದರೋ ಎರಡು ಗಂಟೆ ಕಾಯುವುದಿಲ್ಲ. ಆದ್ದರಿಂದ ಈ ರಾತ್ರಿಗಳು ವಿಲಾಸವಲ್ಲ, ಪ್ರಯಾಣದ ಅಂಗ.

ಕಳೆದ ವರ್ಷ ನಾನೂ ನನ್ನ ಹೆಂಡತಿಯೂ ಹೊರಟಾಗ ಪ್ರವಾಸದ ಏಜೆಂಟರೊಬ್ಬರು ನಮ್ಮ ಮುಂದೆ ಎರಡೇ ದಾರಿಗಳನ್ನಿಟ್ಟರು. ಒಂದು, ಕಡಲು ಕಾಣುವ ಪಂಚತಾರಾ ಕೋಣೆ. ಅದರ ಒಂದು ರಾತ್ರಿಯ ಬಾಡಿಗೆ ನಮ್ಮಿಬ್ಬರ ರೈಲಿನ ಖರ್ಚನ್ನು ಮೀರಿಸುವಂಥದು. ಇನ್ನೊಂದು, ಅಂಧೇರಿಯ ಕಡೆ ಅಗ್ಗದ ಕೋಣೆ; ಅಲ್ಲಿಂದ ಬಂದರಿಗೆ ಟ್ಯಾಕ್ಸಿ. ನಡೆದು ಹೋಗುವಷ್ಟು ಹತ್ತಿರದಲ್ಲಿ ಸಾಧಾರಣವಾದದ್ದು ಯಾವುದೂ ಇಲ್ಲವೇ ಎಂದೆ. “ಏನ್ ಸಾರ್, ಹಡಗಿಗೆ ಯಾರಾದ್ರೂ ನಡ್ಕೊಂಡು ಹೋಗ್ತಾರಾ?” ಎಂದು ನಕ್ಕರು. ನನ್ನ ತಕರಾರು ಆ ನಗೆಯ ಮೇಲೆಯೇ.

ಏಕೆ ನಡೆಯಬಾರದು? ವಿಹಾರನೌಕೆಗಳು ನಿಲ್ಲುವ ಬ್ಯಾಲಾರ್ಡ್ ಪಿಯರಿಗೂ ವೀಟಿಗೂ ನಡುವೆ ಇರುವುದು ಒಂದೂವರೆ ಕಿಲೋಮೀಟರಿನೊಳಗಿನ ದೂರ. ಬಸವನಗುಡಿಯ ಹಿರಿಯರು ಬೆಳಗಿನ ತಿರುಗಾಟದಲ್ಲಿ ಇದರ ಎರಡರಷ್ಟು ನಡೆಯುತ್ತಾರೆ. ನಡುವಿನ ಬ್ಯಾಲಾರ್ಡ್ ಎಸ್ಟೇಟು 1914ರಿಂದ 1918ರ ಅವಧಿಯಲ್ಲಿ, ಗೇಟ್‌ವೇ ಆಫ್ ಇಂಡಿಯಾದ ಶಿಲ್ಪಿ ಜಾರ್ಜ್ ವಿಟೆಟ್ ಅವರ ಕೈಯಲ್ಲಿ ರೂಪುಗೊಂಡ ಬಡಾವಣೆ; ನಡೆಯುವವನಿಗೆ ಹಿತವಾದ ಬೀದಿಗಳು. ವಿಲಾಯಿತಿಯ ಹಡಗಿನಿಂದ ಇಳಿದವರು ತೊಳಲಬಾರದೆಂದು ಒಂದು ಕಾಲಕ್ಕೆ ಬ್ಯಾಲಾರ್ಡ್ ಪಿಯರಿನಲ್ಲೇ ರೈಲು ನಿಲ್ದಾಣವಿತ್ತು. 1928ರಲ್ಲಿ ಆರಂಭವಾದ ಫ್ರಾಂಟಿಯರ್ ಮೇಲ್ ಪೆಶಾವರದ ಕಡೆಗೆ ಅಲ್ಲಿಂದಲೇ ಹೊರಟದ್ದುಂಟು. ಪರದೇಶದ ದೊರೆಗಳು ತಮ್ಮವರಿಗಾಗಿ ಅಷ್ಟು ಯೋಚಿಸಿದ್ದರು. ನಮ್ಮವರೇ ಆಳುವ ಕಾಲದಲ್ಲಿ ನಮ್ಮ ಮೇಷ್ಟರು ಪೆಟ್ಟಿಗೆ ಎಳೆದುಕೊಂಡು ಪಿ. ಡಿಮೆಲ್ಲೋ ರಸ್ತೆಯಲ್ಲಿ ಲಾರಿಗಳ ನಡುವೆ ಸಂದು ಹುಡುಕಬೇಕು. ಅದೇ ರಸ್ತೆಗೆ ಮೋಟಾರುಗಳು ಚೆಂಬೂರಿನಿಂದ ತಡೆಯಿಲ್ಲದೆ ಬಂದಿಳಿಯಲೆಂದು 2013ರಲ್ಲಿ ಈಸ್ಟರ್ನ್ ಫ್ರೀವೇ ತೆರೆಯಿತು. 2025ರಲ್ಲಿ ಹೊಸ ಅಂತರರಾಷ್ಟ್ರೀಯ ನೌಕಾವಿಹಾರ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ವಿಮಾನ ನಿಲ್ದಾಣದಿಂದ ಭೂಗತ ಮೆಟ್ರೊ ವೀಟಿಯವರೆಗೂ ಬಂತು. ಎಲ್ಲವೂ ಆಯಿತು, ರೈಲಿಗೂ ಹಡಗಿಗೂ ನಡುವಿನ ಆ ಒಂದು ಮೈಲಿಗೂ ಕಡಿಮೆಯ ಹಾದಿಗೆ ಮಾತ್ರ ದಿಕ್ಕುದೆಸೆಯಿಲ್ಲ.

ಆ ಹಾದಿಯ ಪಕ್ಕದ ಫೋರ್ಟಿನಲ್ಲಿ ಸಾಧಾರಣ ವಸತಿಗೃಹಗಳಿಲ್ಲವೆಂದಲ್ಲ. ಹಳೆಯ ಕಟ್ಟಡಗಳ ಎರಡನೆಯ, ಮೂರನೆಯ ಮಹಡಿಗಳಲ್ಲಿ ಇವೆ. ಕೆಳಗಿಳಿದರೆ ಇಡ್ಲಿ, ಕಾಫಿಯೂ ಸಿಕ್ಕುತ್ತದೆ. ಆದರೆ ಅವುಗಳ ಜಾಹೀರಾತಿನ ಭಾಷೆಯನ್ನು ನೋಡಿ ನನ್ನಂಥ ಭಾಷೆಯ ಮೇಷ್ಟರು ಕೆಂಪು ಶಾಯಿ ಕೈಗೆತ್ತಿಕೊಳ್ಳದೆ ಇರಲಾರ. ‘ಬಂದರಿಗೆ ಸಮೀಪ’ ಎಂದರೇನು? ಕಾಗೆ ಹಾರಿದ ದೂರವೇ, ಮನುಷ್ಯ ನಡೆದ ದೂರವೇ? ‘ಸಕಲ ಸೌಕರ್ಯ’ ಎಂದರೆ ಲಿಫ್ಟು ಸೇರಿತೇ? ಕೋಣೆಗೆ ಕಿಟಕಿಯಿದೆಯೇ, ಇದ್ದರೆ ಅದು ಬೀದಿಗೆ ತೆರೆಯುವುದೋ ಪಕ್ಕದ ಗೋಡೆಗೋ? ಕೋಣೆ ಬಿಟ್ಟ ಮೇಲೆ ಹಡಗಿನ ಹೊತ್ತಿನವರೆಗೆ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆಯೇ? ಹೊರಡುವವರು ಬಾಡಿಗೆಗಿಂತ ಮೊದಲು ಇವನ್ನು ಕೇಳಬೇಕು. ದೂರವನ್ನು ‘ದಕ್ಷಿಣ ಮುಂಬಯಿ’ಯಿಂದಲ್ಲ, ಬಂದರಿನ ಗ್ರೀನ್ ಗೇಟಿನಿಂದಲೇ ಅಳೆಯಬೇಕು. ಟ್ಯಾಕ್ಸಿಯ ಹೋಗುಬರುವ ಖರ್ಚನ್ನು ಸೇರಿಸಿ ಕೂಡಿದರೆ ದೂರದ ಅಗ್ಗದ ಕೋಣೆ ಅಗ್ಗವಾಗಿ ಉಳಿಯುವುದು ಅಪರೂಪ.

ನಮಗೆ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನಲ್ಲ. ಬಾಯಾರಿದವನಿಗೆ ಅರವಟ್ಟಿಗೆ, ದಣಿದವನಿಗೆ ಛತ್ರ, ಹೊರೆ ಹೊತ್ತವನಿಗೆ ದಾರಿಯ ಪಕ್ಕದಲ್ಲಿ ಹೊರೆಯಿಳಿಸುವ ಕಲ್ಲು: ಇವೆಲ್ಲ ನಡೆಯುವವನನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದವು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತೆರೆದದ್ದು ರೈಲು ನಿಲ್ದಾಣದ ಎದುರಿಗೇ. ಊರಾಚೆಯ ಅಗ್ಗದ ಜಾಗದಲ್ಲಲ್ಲ. ವ್ಯಾಪಾರಸ್ಥರಾಗಿದ್ದ ಆ ಮಹನೀಯರಿಗೆ ಜಾಗದ ಬೆಲೆ ಗೊತ್ತಿರಲಿಲ್ಲವೇ? ಗಾಡಿಯಿಳಿದು ಗಂಟು ಹೊತ್ತುಕೊಂಡು ನಿಂತವನ ಕಷ್ಟವೂ ಅವರಿಗೆ ಗೊತ್ತಿತ್ತು.

ಇಂದಿನ ಸರ್ಕಾರದ ಲೆಕ್ಕ ನೋಡಿ. ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗೆ ಜಿಎಸ್‌ಟಿಯಿಂದ ಇದ್ದ ವಿನಾಯಿತಿಯನ್ನು 2022ರ ಜುಲೈನಲ್ಲಿ ತೆಗೆದು ಶೇಕಡಾ 12 ಹಾಕಿದರು. 2025ರ ಸೆಪ್ಟೆಂಬರಿನಲ್ಲಿ 7,500 ರೂಪಾಯಿವರೆಗಿನ ಕೋಣೆಗಳಿಗೆಲ್ಲ ಶೇಕಡಾ 5 ಮಾಡಿದರು. ಇಳಿಸಿದ್ದಕ್ಕೆ ವಂದನೆ ಸಲ್ಲಲಿ. ಆದರೆ ಒಂಬೈನೂರರ ಕೋಣೆಗೂ ಏಳು ಸಾವಿರದ ಕೋಣೆಗೂ ಒಂದೇ ತಕ್ಕಡಿಯೇ? ಬಡ ಲಾಡ್ಜಿಗೆ ಮೊದಲಿದ್ದ ಸಣ್ಣ ರಕ್ಷೆ ಮಾತ್ರ ಮರಳಿ ಬರಲಿಲ್ಲ.

‘ಮುಂಬಯಿಯಲ್ಲಿ ಜಾಗ ಚಿನ್ನದ ಬೆಲೆ, ಅಲ್ಲಿ ಅಗ್ಗದ ಕೋಣೆ ಹೇಗೆ ಸಾಧ್ಯ?’ ಎಂಬುದು ವ್ಯವಹಾರಸ್ಥರ ವಾದ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ರೈಲ್ವೆಯವರು ಅದೇ ಚಿನ್ನದ ಜಾಗದಲ್ಲಿ, ವೀಟಿಯ ಒಳಗೇ, ಟಿಕೆಟ್ಟು ಹೊಂದಿದವರಿಗೆ ವಿಶ್ರಾಂತಿ ಕೊಠಡಿಗಳನ್ನು ಇಟ್ಟಿದ್ದಾರೆ. ನೂರಾರು ಎಕರೆ ಭೂಮಿಯ ಒಡೆತನವಿರುವ ಬಂದರು ಪ್ರಾಧಿಕಾರಕ್ಕೆ, ಹಡಗಿನ ಟಿಕೆಟ್ಟು ತೋರಿಸಿದವರಿಗೆ ಒಂದು ರಾತ್ರಿ ಮಲಗಲು ಐವತ್ತು ಶುಚಿಯಾದ ಕೊಠಡಿಗಳನ್ನು ಕಟ್ಟಿಸುವುದು ಅಸಾಧ್ಯವೇ? ನೌಕೆಯ ನಿಲ್ದಾಣಕ್ಕೆ ಅಮೃತಶಿಲೆ ಹೊದಿಸುವ ಮೊದಲು ಅದರ ಬಾಗಿಲಿಗೆ ಬರುವ ಕಾಲುದಾರಿಗೆ ಕಲ್ಲು ಹಾಸುವುದು ಹೆಚ್ಚಿನ ಕೆಲಸವೇ?

ಕೊನೆಯ ಮಾತು ನಮ್ಮ ಮಧ್ಯಮವರ್ಗದವರಿಗೇ. ಏಜೆಂಟರ ನಗೆಗೆ ಬಲ ಕೊಟ್ಟವರು ನಾವು. ಸಾಧಾರಣ ಲಾಡ್ಜಿನಲ್ಲಿ ಇಳಿದೆವೆಂದು ಬೀಗರ ಮುಂದೆ ಹೇಳಲು ನಮಗೆ ಸಂಕೋಚ. ಪೆಟ್ಟಿಗೆ ಹಿಡಿದು ಬೀದಿಯಲ್ಲಿ ನಡೆದರೆ ಮಾನ ಹೋದಂತೆ. ಬೆಳಿಗ್ಗೆ ವೀಟಿಯಿಂದ ಹೊರಬಿದ್ದು ಫೋರ್ಟಿನ ಕಚೇರಿಗಳಿಗೆ ಸರಸರನೆ ನಡೆದುಹೋಗುವ ಆ ಜನಸಾಗರಕ್ಕೆ ಮಾನವಿಲ್ಲವೇ? ನಾವು ಕೇಳದ್ದನ್ನು ಯಾವ ನಗರಸಭೆಯೂ ತಾನಾಗಿ ಕೊಡುವುದಿಲ್ಲ. ಟಿಕೆಟ್ಟು ಕೊಳ್ಳುವಾಗಲೇ ಕೇಳೋಣ: ಹತ್ತಿರದ ಸಾಧಾರಣ ಕೋಣೆ ಯಾವುದು, ಅಲ್ಲಿಂದ ಬಂದರಿಗೆ ನಡೆಯುವ ದಾರಿ ಯಾವುದು, ಆ ದಾರಿಯಲ್ಲಿ ದೀಪವಿದೆಯೇ, ಫುಟ್‌ಪಾತ್ ಇದೆಯೇ. ಏಜೆಂಟರು ನಕ್ಕರೆ ಇನ್ನೊಮ್ಮೆ ಕೇಳೋಣ. ಹತ್ತು ಜನ ಕೇಳಿದ ಮೇಲೆ ಅವರು ನಗುವುದನ್ನು ಬಿಟ್ಟು ವಿಚಾರಿಸತೊಡಗುತ್ತಾರೆ.